ವಲಸೆ ವೈದ್ಯರ ವಿದ್ಯೆಯೂ ಪ್ರವೇಶನ್ಯಾಯವೂ: ‘ಕಟಿಂಗ್ ಫಾರ್ ಸ್ಟೋನ್’ ಕಾದಂಬರಿಯ ಒಂದು ವಿಮರ್ಶೆ

ವೈದ್ಯನನ್ನು ಕಥಾನಾಯಕನನ್ನಾಗಿ ಮಾಡಿಕೊಂಡ ಕಾದಂಬರಿಗಳು ಅನೇಕ ಭಾಷೆಗಳಲ್ಲಿ ಉಂಟು. ಅವುಗಳಲ್ಲಿ ಬಹುಪಾಲು, ಅವನು ವೈದ್ಯನಾದ ಮೇಲಿನ ಕಥೆಯನ್ನು ಹೇಳುವುವು. ವಿದ್ಯೆ ಕಲಿತವನಿಗೆ ಆ ವಿದ್ಯೆಯನ್ನು ನಡೆಸಲು ಬಾಗಿಲು ತೆರೆಯುವವರು ಯಾರು, ಯಾವ ಅಳತೆಯಿಂದ ತೆರೆಯುವರು, ಎಂಬ ಪ್ರಶ್ನೆಯನ್ನು ಎತ್ತಿಕೊಂಡ ಕೃತಿಗಳು ವಿರಳ. ಅಬ್ರಹಾಂ ವರ್ಗೀಸರು ೨೦೦೯ರಲ್ಲಿ ಪ್ರಕಟಿಸಿದ ‘ಕಟಿಂಗ್ ಫಾರ್ ಸ್ಟೋನ್’ ಎಂಬ ಇಂಗ್ಲಿಷ್ ಕಾದಂಬರಿ ಆ ವಿರಳ ಕೃತಿಗಳಲ್ಲೊಂದು. ಅವಳಿ ಸೋದರರ ಕಥೆಯೆಂದು ಅದನ್ನು ಓದಬಹುದು. ಇಥಿಯೋಪಿಯ ದೇಶದ ಕಥೆಯೆಂದೂ ಓದಬಹುದು. ವಲಸೆ ವೈದ್ಯರಿಗೆ ದೊರೆಯುವ ನ್ಯಾಯದ ಕಥೆಯೆಂದು ಅದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರಂಥಕರ್ತರ ವಿಷಯವಾಗಿ ಎರಡು ಮಾತು ಅವಶ್ಯ. ಅವರು ೧೯೫೫ರಲ್ಲಿ ಆಡಿಸ್ ಅಬಾಬದಲ್ಲಿ ಭಾರತೀಯ ದಂಪತಿಗಳಿಗೆ ಜನಿಸಿದವರು. ಅಲ್ಲಿ ಪ್ರಾರಂಭಿಸಿದ ವೈದ್ಯಾಭ್ಯಾಸ ರಾಜಕೀಯ ಕ್ಷೋಭೆಯಿಂದ ನಿಂತುಹೋಯಿತು. ಅಮೆರಿಕೆಯ ಆಸ್ಪತ್ರೆಗಳಲ್ಲಿ ಪರಿಚಾರಕರಾಗಿ ಕೆಲಸ ಮಾಡಿ, ಬಳಿಕ ಮದರಾಸಿನ ಮೆಡಿಕಲ್ ಕಾಲೇಜಿನಲ್ಲಿ ಪದವಿ ಪಡೆದರು. ಅನಂತರ ಟೆನೆಸೀ ಸಂಸ್ಥಾನದ ಜಾನ್ಸನ್ ಸಿಟಿ ಎಂಬ ಸಣ್ಣ ಪಟ್ಟಣದಲ್ಲಿ ರೆಸಿಡೆಂಟರಾದರು. ಆ ಊರಿನ ಅನುಭವ ೧೯೯೪ರ ಅವರ ಆತ್ಮವೃತ್ತಾಂತ ‘ಮೈ ಓನ್ ಕಂಟ್ರಿ’ಯಲ್ಲಿದೆ. ಆದ್ದರಿಂದ ಕಾದಂಬರಿಯ ಈ ಭಾಗ ಕೇವಲ ಊಹೆಯ ಫಲವಲ್ಲ.

ರೆಸಿಡೆನ್ಸಿಯೆಂದರೆ ವೈದ್ಯಪದವಿ ಪಡೆದವನು ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಹಲವು ವರ್ಷ ದುಡಿದು ಕಲಿಯುವ ಶಿಕ್ಷಣ. ಸಂಯುಕ್ತ ಸಂಸ್ಥಾನಗಳಲ್ಲಿ ಇದಿಲ್ಲದೆ ಸ್ವತಂತ್ರವಾಗಿ ವೈದ್ಯವೃತ್ತಿ ನಡೆಸಲು ಸಾಮಾನ್ಯವಾಗಿ ಅನುಮತಿಯಿಲ್ಲ. ಅಭ್ಯರ್ಥಿಗಳನ್ನೂ ಆಸ್ಪತ್ರೆಗಳನ್ನೂ ಹೊಂದಿಸುವ ‘ಮ್ಯಾಚ್’ ಪದ್ಧತಿ ೧೯೫೨ರಲ್ಲಿಯೂ, ಪರದೇಶದ ಪದವೀಧರರ ಯೋಗ್ಯತೆಯನ್ನು ಪ್ರಮಾಣೀಕರಿಸುವ ಸಂಸ್ಥೆ ೧೯೫೬ರಲ್ಲಿಯೂ ಹುಟ್ಟಿದುವು. ೧೯೬೫ರ ವಲಸೆ ಕಾನೂನು ಏಷ್ಯದ ವೈದ್ಯರಿಗೆ ಬಾಗಿಲನ್ನು ಅಗಲವಾಗಿ ತೆರೆಯಿತು. ವೈದ್ಯರ ಅಭಾವ ನೀಗಿತೆಂದು ಸಾರಿದ ೧೯೭೬ರ ಕಾನೂನು ಅದನ್ನು ಮತ್ತೆ ಕಿರಿದು ಮಾಡಿತು. ಬೇಕಾದಾಗ ಕರೆಯುವುದು, ಬೇಡವಾದಾಗ ತಡೆಯುವುದು: ಇದೇ ಈ ಚರಿತ್ರೆಯ ಸಾರ.

ಕಥಾನಾಯಕ ಮೇರಿಯನ್ ಸ್ಟೋನ್ ನ್ಯೂಯಾರ್ಕಿಗೆ ಬರುವುದು ೧೯೮೦ರಲ್ಲಿ, ಎಂದರೆ ಬಾಗಿಲು ಕಿರಿದಾದ ಮೇಲೆ. ಅವನಿಗೆ ಸ್ಥಳ ದೊರೆಯುವುದು ಬ್ರಾಂಕ್ಸ್ ಭಾಗದ ಒಂದು ಬಡ ಆಸ್ಪತ್ರೆಯಲ್ಲಿ. ಅಲ್ಲಿ ಅವನ ಜೊತೆಗಾರರೆಲ್ಲರೂ ಪರದೇಶದವರೇ. ಅವರಲ್ಲಿ ಭಾರತೀಯರು ಹೆಚ್ಚು. ಇದರ ಮರ್ಮವನ್ನು ಅವನಿಗೆ ತಿಳಿಸುವವನು ಬಿ. ಸಿ. ಗಾಂಧಿಯೆಂಬ ಹಿರಿಯ ರೆಸಿಡೆಂಟ್. ದೇಶದ ಆಸ್ಪತ್ರೆಗಳನ್ನು ಅವನು ‘ಮೇಫ್ಲವರ್’ ಎಂದೂ ‘ಎಲ್ಲಿಸ್ ಐಲೆಂಡ್’ ಎಂದೂ ಎರಡು ಜಾತಿಗಳಾಗಿ ವಿಂಗಡಿಸುತ್ತಾನೆ. ಮೇಫ್ಲವರ್ ೧೬೨೦ರಲ್ಲಿ ಇಂಗ್ಲಿಷ್ ವಲಸೆಗಾರರನ್ನು ಹೊತ್ತು ತಂದ ಹಡಗು. ಎಲ್ಲಿಸ್ ದ್ವೀಪ ೧೮೯೨ರಿಂದ ೧೯೫೪ರವರೆಗೆ ವಲಸೆಗಾರರನ್ನು ತಡೆದು ಪರೀಕ್ಷಿಸಿದ ಕಟ್ಟೆ. ಎರಡರಲ್ಲಿಯೂ ಬಂದವರು ವಲಸೆಗಾರರೇ. ಮೊದಲು ಬಂದವರು ಮನೆಯವರಾದರು, ಆಮೇಲೆ ಬಂದವರು ಅನ್ಯರಾದರು. ಒಂದು ವ್ಯವಸ್ಥೆಯ ಅನ್ಯಾಯವನ್ನು ಎರಡು ಹೆಸರುಗಳಲ್ಲಿ ಅಡಗಿಸಿದ ಈ ಸನ್ನಿವೇಶದಲ್ಲಿ ಗ್ರಂಥಕರ್ತರ ಧ್ವನಿಶಕ್ತಿ ಚೆನ್ನಾಗಿ ಪ್ರಕಟವಾಗಿದೆ.

ಇದಕ್ಕಿಂತಲೂ ತೀಕ್ಷ್ಣವಾದುದು ಹೆಲಿಕಾಪ್ಟರಿನ ಪ್ರಸಂಗ. ಬಾಸ್ಟನ್ನಿನ ಶ್ರೀಮಂತ ಆಸ್ಪತ್ರೆಯನ್ನು ಈ ವೈದ್ಯರು ‘ಮೆಕ್ಕಾ’ ಎಂದು ಕರೆಯುತ್ತಾರೆ. ಬ್ರಾಂಕ್ಸಿನಲ್ಲಿ ಮಿದುಳು ಸತ್ತ ರೋಗಿಯ ಅಂಗಗಳನ್ನು ಕೊಂಡೊಯ್ಯಲು ಅಲ್ಲಿಂದ ವೈದ್ಯರ ತಂಡ ಆಕಾಶಮಾರ್ಗವಾಗಿ ಬಂದಿಳಿಯುತ್ತದೆ. ಕೆಲಸ ಮುಗಿದೊಡನೆ ಹಾರಿಹೋಗುತ್ತದೆ. ಬಡವರ ಆಸ್ಪತ್ರೆಯಿಂದ ಯಕೃತ್ತು ಮೇಲಕ್ಕೆ ಹೋಗುವುದಕ್ಕೆ ಮಾರ್ಗವುಂಟು, ಆ ಆಸ್ಪತ್ರೆಯ ವೈದ್ಯ ಹೋಗುವುದಕ್ಕೆ ಮಾರ್ಗವಿಲ್ಲ. ಈ ಮಾತನ್ನು ಕಾದಂಬರೀಕಾರರು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಚಿತ್ರವೇ ಹೇಳುತ್ತದೆ.

ಇಷ್ಟರವರೆಗೆ ಮೆಚ್ಚಿಕೆ. ಇನ್ನು ಆಕ್ಷೇಪಣೆ. ಆ ಬಡ ಆಸ್ಪತ್ರೆಯ ಮುಖ್ಯ ರೆಸಿಡೆಂಟ್ ದೀಪಕ್ ಜೇಸುದಾಸ್. ಅವನ ಹಸ್ತಕೌಶಲ ಅವನ ಪದವಿಗಿಂತ ಬಹಳ ಮೇಲಿನದು. ಆದರೂ ಅವನ ಶಿಕ್ಷಣ ಮುಗಿಯದೆ ವರ್ಷಗಳು ಉರುಳುತ್ತವೆ. ಕಥೆಯ ಕೊನೆಯಲ್ಲಿ ಮೇರಿಯನ್ನನ ಯಕೃತ್ತು ಹೆಪಟೈಟಿಸ್ ರೋಗದಿಂದ ಕೆಡುತ್ತದೆ. ಸೋದರ ಶಿವ ತನ್ನ ಯಕೃತ್ತಿನ ಭಾಗವನ್ನು ಕೊಡುತ್ತಾನೆ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಮೆಕ್ಕಾದ ಮಹಾವೈದ್ಯ ತಾಮಸ್ ಸ್ಟೋನನೂ ದೀಪಕನೂ ಸಹಕರ್ಮಿಗಳಾಗಿ ನಿಲ್ಲುತ್ತಾರೆ. ಓದುಗನ ಮನಸ್ಸು ತುಂಬಿಬರುತ್ತದೆ. ಆದರೆ ಈ ಸಮಾಗಮ ಆದದ್ದು ಹೇಗೆ? ರೋಗಿಯಾಗಿ ಮಲಗಿದವನು ಸ್ಟೋನನ ಮಗ. ಎರಡು ಜಾತಿಯ ಆಸ್ಪತ್ರೆಗಳ ನಡುವಣ ಗೋಡೆ ಬಿರಿದದ್ದು ನಿಯಮ ಬದಲಾದುದರಿಂದಲ್ಲ, ರಕ್ತಸಂಬಂಧ ಬಯಲಾದುದರಿಂದ.

ಈ ಸನ್ನಿವೇಶ ಕನ್ನಡ ವಾಚಕನಿಗೆ ಹೊಸದಲ್ಲ. ‘ವಿಕ್ರಮಾರ್ಜುನ ವಿಜಯ’ದಲ್ಲಿ ಶಸ್ತ್ರವಿದ್ಯೆಯ ಪ್ರದರ್ಶನಕ್ಕೆ ಬಂದ ಕರ್ಣನ ಕುಲದ ಪ್ರಶ್ನೆ ಎದ್ದಾಗ, ದುರ್ಯೋಧನ ಅವನಿಗೆ ಅಂಗರಾಜ್ಯವನ್ನು ಕೊಟ್ಟು ಆ ಪ್ರಶ್ನೆಯನ್ನು ಮುಚ್ಚುತ್ತಾನೆ. ಅದು ಔದಾರ್ಯವೇ ಸರಿ, ಆದರೆ ನ್ಯಾಯವಲ್ಲ. ರಂಗದ ನಿಯಮ ಹಾಗೆಯೇ ಉಳಿಯಿತು. ಕರ್ಣ ಮಾತ್ರ ಅದನ್ನು ದಾಟಿದನು, ಮತ್ತು ಆ ಅನುಗ್ರಹದ ಋಣಕ್ಕೆ ಬದುಕೆಲ್ಲ ಕಟ್ಟುಬಿದ್ದನು. ಪಂಪನಿಗೆ ಈ ಋಣದ ಭಾರ ತಿಳಿದಿತ್ತು. ಅವನ ಕರ್ಣನ ದುರಂತ ನಿಂತಿರುವುದೇ ಅದರ ಮೇಲೆ. ವರ್ಗೀಸರು ತಮ್ಮ ಮುಕ್ತಾಯದಲ್ಲಿ ಅನುಗ್ರಹದ ಸಂತೋಷವನ್ನು ತೋರಿಸಿದಷ್ಟು ಅದರ ಭಾರವನ್ನು ತೋರಿಸಲಿಲ್ಲ. ಮೊದಲು ಅಷ್ಟು ನಿಷ್ಠುರವಾಗಿ ಕಂಡ ವ್ಯವಸ್ಥೆಯನ್ನು ಕೊನೆಯಲ್ಲಿ ಕುಟುಂಬದ ಕಥೆ ನುಂಗಿಬಿಡುತ್ತದೆ.

ಕಾದಂಬರೀಕಾರ ಶಾಸನಕರ್ತನಲ್ಲ, ಪರಿಹಾರ ಹೇಳುವುದು ಅವನ ಹೊಣೆಯಲ್ಲ, ಎಂದು ಕೆಲವರು ಹೇಳಬಹುದು. ನಿಜ. ಆದರೆ ತಾನೇ ಎತ್ತಿದ ಪ್ರಶ್ನೆಯನ್ನು ಬೇರೊಂದು ಪ್ರಶ್ನೆಯ ಉತ್ತರದಿಂದ ಸಮಾಧಾನಗೊಳಿಸುವುದು ಕಲೆಯ ದೃಷ್ಟಿಯಿಂದಲೂ ಔಚಿತ್ಯವಲ್ಲ. ಇನ್ನೊಂದು ವಾದ ಇದಕ್ಕಿಂತ ತೂಕವುಳ್ಳದ್ದು: ರೋಗಿಯ ಪ್ರಾಣ ವೈದ್ಯನ ಕೈಯಲ್ಲಿರುವುದರಿಂದ ಪರದೇಶದ ಪದವಿಯನ್ನು ಪರೀಕ್ಷಿಸದೆ ಒಪ್ಪಲಾಗದು. ಇದನ್ನು ಯಾರೂ ಅಲ್ಲಗಳೆಯಲಾರರು. ಕಾದಂಬರಿಯ ಶಿವನು ವೈದ್ಯಪದವಿಯಿಲ್ಲದೆಯೇ ಹೆಂಗಸರ ಫಿಸ್ಟುಲ ಚಿಕಿತ್ಸೆಯಲ್ಲಿ ನಿಪುಣನಾಗುತ್ತಾನೆ. ಆದರೆ ಅಂಥ ಅಪವಾದವನ್ನು ನಿಯಮವನ್ನಾಗಿ ಮಾಡಲಾಗದು. ನಮ್ಮ ಆಕ್ಷೇಪಣೆ ಪರೀಕ್ಷೆಯ ಮೇಲಲ್ಲ, ಪರೀಕ್ಷೆಯಾದ ಮೇಲಿನ ಭೇದದ ಮೇಲೆ. ಲೈಸೆನ್ಸಿಗಾಗಿ ಸ್ವದೇಶದ ಪದವೀಧರನೂ ಪರದೇಶದವನೂ ಇಂದು ಬರೆಯುವುದು ಒಂದೇ ಪರೀಕ್ಷೆ. ಹಾಗಿದ್ದರೂ ೨೦೨೪ರ ಮ್ಯಾಚಿನಲ್ಲಿ ಅಮೆರಿಕೆಯ ಎಂ. ಡಿ. ಕಾಲೇಜುಗಳ ಅಂತಿಮ ವರ್ಷದವರಲ್ಲಿ ನೂರಕ್ಕೆ ಸುಮಾರು ೯೩ ಮಂದಿಗೆ ಸ್ಥಳ ದೊರೆಯಿತು. ಪರದೇಶದಲ್ಲಿ ಓದಿದ ಅನ್ಯದೇಶೀಯರಲ್ಲಿ ಸುಮಾರು ೫೮ ಮಂದಿಗೆ ಮಾತ್ರ. ಅನೇಕ ಸಂಸ್ಥಾನಗಳು ಲೈಸೆನ್ಸಿಗೆ ಪರದೇಶದವರಿಂದ ಹೆಚ್ಚು ವರ್ಷಗಳ ಶಿಕ್ಷಣವನ್ನೂ ಕೇಳುತ್ತವೆ. ಆ ದೇಶದ ವೈದ್ಯರಲ್ಲಿ ಸುಮಾರು ಕಾಲುಭಾಗ ಹೊರದೇಶದಲ್ಲಿ ಓದಿದವರೆಂಬುದನ್ನು ನೆನೆದರೆ, ಈ ಭೇದ ಬೇಡದ ಅತಿಥಿಗಳಿಗೆ ಮಾಡಿದುದಲ್ಲ, ಮನೆಯ ಭಾರ ಹೊತ್ತವರಿಗೆ ಮಾಡಿದುದು ಎಂಬುದು ಸ್ಪಷ್ಟವಾಗುತ್ತದೆ.

ಮತ್ತೊಂದು ಮುಖವನ್ನೂ ಮರೆಯಲಾಗದು. ವೈದ್ಯ ಹೊರಟುಬಂದ ನಾಡಿನಲ್ಲಿಯೂ ರೋಗಿಗಳಿದ್ದಾರೆ. ಅಮೆರಿಕೆಯಿಂದ ಮರಳಿದ ಮೇರಿಯನ್ ಇಥಿಯೋಪಿಯದ ತನ್ನ ಆಸ್ಪತ್ರೆಯಲ್ಲಿಯೇ ನೆಲೆಸುತ್ತಾನೆ. ಕೃತಿಯ ಉತ್ತರ ಎಲ್ಲಿಯಾದರೂ ಇದ್ದರೆ, ಬಹುಶಃ ಇಲ್ಲಿದೆ. ಆದರೆ ಹಿಂದಿರುಗುವುದು ಒಬ್ಬನ ಧರ್ಮವಾಗಬಹುದು. ಅದನ್ನು ನೆಪ ಮಾಡಿಕೊಂಡು ಉಳಿದವರಿಗೆ ಬಾಗಿಲು ಮುಚ್ಚುವುದು ಧರ್ಮವಲ್ಲ.

ಕಾದಂಬರಿ ಹೇಳದೆ ಬಿಟ್ಟುದನ್ನು ಕಾಲ ನಿಧಾನವಾಗಿ ಹೇಳತೊಡಗಿದೆ. ಪರದೇಶದಲ್ಲಿ ಪೂರ್ಣಶಿಕ್ಷಣ ಪಡೆದ ವೈದ್ಯರು ರೆಸಿಡೆನ್ಸಿಯನ್ನು ಮತ್ತೆ ಮೊದಲಿನಿಂದ ಮಾಡದೆ, ಮೇಲ್ವಿಚಾರಣೆಯಲ್ಲಿ ದುಡಿದು ಲೈಸೆನ್ಸು ಪಡೆಯುವುದಕ್ಕೆ ಟೆನೆಸೀ ಸಂಸ್ಥಾನ ೨೦೨೩ರಲ್ಲಿ ಕಾನೂನು ಮಾಡಿತು. ಅನಂತರ ಬೇರೆ ಕೆಲವು ಸಂಸ್ಥಾನಗಳೂ ಆ ದಾರಿ ಹಿಡಿದುವು. ಗ್ರಂಥಕರ್ತರು ತಾವೇ ರೆಸಿಡೆಂಟರಾಗಿದ್ದ ಸಂಸ್ಥಾನ ಅದು. ಅನುಗ್ರಹದಿಂದ ಒಬ್ಬ ದೀಪಕ ಮೇಲೇರಬಹುದು. ಹೆಸರಿಲ್ಲದ ಉಳಿದ ದೀಪಕರಿಗೆ ಬೇಕಾದುದು ನಿಯಮ. ಈ ಕಾದಂಬರಿಯನ್ನು ತರಗತಿಯಲ್ಲಿ ಪಾಠ ಹೇಳುವವರು ಅದರ ಮುಕ್ತಾಯದ ಕಣ್ಣೀರಿನಷ್ಟೇ ಅದರ ಬ್ರಾಂಕ್ಸ್ ಪ್ರಸಂಗಗಳ ಕೋಪಕ್ಕೂ ಗಮನ ಕೊಡುವುದು ಉಚಿತ. ಕೃತಿಯ ಸತ್ತ್ವ ಹೆಚ್ಚಾಗಿ ಆ ಕೋಪದಲ್ಲಿದೆ.