ತುಂಬಿಟ್ಟ ಮೇಲೆ: ಧಾರವಾಡ ಸೀಮೆಯ ಮನೆ ಸರ್ವರ್‌ಗಳು

ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಮದುವೆ ಸ್ಟುಡಿಯೊಗಳಲ್ಲಿ ಕೌಂಟರಿನ ಹಿಂದೆ, ಇನ್ವರ್ಟರಿನ ಪಕ್ಕದಲ್ಲಿ, ಸಣ್ಣ ದೀಪ ಮಿನುಗಿಸುತ್ತ ಕೂತ ಕಪ್ಪು ಡಬ್ಬಿಯೊಂದು ಈಚೆಗೆ ಅಲ್ಲಲ್ಲಿ ಕಾಣುತ್ತದೆ. ಒಳಗೆ ಎರಡೋ ನಾಲ್ಕೋ ಹಾರ್ಡ್‌ಡಿಸ್ಕ್, ಹಿಂದಿನಿಂದ ವೈಫೈ ರೌಟರಿಗೆ ಒಂದು ಕೇಬಲ್ಲು. ಅಂಗಡಿಯವರು ಇದನ್ನು ಸರ್ವರ್ ಎನ್ನುತ್ತಾರೆ, ಮಾರಿದವರು ನ್ಯಾಸ್ ಎನ್ನುತ್ತಾರೆ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದ ಮನೆಗಳಿಗೂ ಇದು ಬಂದಿದೆ. ಮಗ ಅಲ್ಲಿಂದಲೇ ಮೊಮ್ಮಗಳ ಫೋಟೊ ತುಂಬುತ್ತಾನೆ, ಅಜ್ಜ ಅಜ್ಜಿ ಇಲ್ಲಿ ಟಿವಿಯಲ್ಲಿ ನೋಡುತ್ತಾರೆ.

ಕೊಂಡದ್ದು ಒಳ್ಳೆಯದೇ ಆಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ವಿಡಿಯೊ ಹಿಡಿಯುವ ಕ್ಯಾಮೆರಾ ತಾಸಿಗೆ 45 ಜಿಬಿ ತುಂಬುತ್ತದೆ. ಮೂರು ಕ್ಯಾಮೆರಾ ನಾಲ್ಕು ತಾಸು ಓಡಿದರೆ ಒಂದೇ ಮದುವೆ 540 ಜಿಬಿ. ಅದನ್ನು 20 ಎಂಬಿಪಿಎಸ್ ಅಪ್‌ಲೋಡ್ ಇರುವ ಸಂಪರ್ಕದಲ್ಲಿ ಕ್ಲೌಡಿಗೆ ಏರಿಸಲು ಎಲ್ಲೂ ಕಡಿಯದೆ ಹೋದರೂ 60 ತಾಸು ಬೇಕು, ಮೇಲೆ ತಿಂಗಳ ಬಾಡಿಗೆ. ಇದಕ್ಕೂ ಹಿಂದೆ ಸ್ಟುಡಿಯೊದವರು ಪೋರ್ಟಬಲ್ ಡಿಸ್ಕುಗಳ ಮೇಲೆ ಪಟ್ಟಿ ಅಂಟಿಸಿ, ವಧುವರರ ಹೆಸರು ಬರೆದು ಡ್ರಾವರಿನಲ್ಲಿ ಒಟ್ಟುತ್ತಿದ್ದರು. ಅದಕ್ಕಿಂತ ಈ ಡಬ್ಬಿ ಎಷ್ಟೋ ಮೇಲು. ನಾನು ತೂಗಿನೋಡಬೇಕೆಂದಿರುವುದು ತಂದು ಕೂಡಿಸಿದ ಮಾರನೆಯ ದಿನದಿಂದ ಅದನ್ನು ನೋಡಿಕೊಳ್ಳುವ ರೀತಿಯನ್ನು. ಆ ರೀತಿ ಚೆನ್ನಾಗಿಲ್ಲ.

ಇವುಗಳಲ್ಲಿ ಇರುವುದು ಬರೀ ಮದುವೆಯ ವಿಡಿಯೊ ಎಂದುಕೊಂಡರೆ ನಷ್ಟದ ಅಳತೆ ಸಿಗುವುದಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಗೆಂದು ನಡೆಯುವ ಸಂಗೀತವನ್ನು ಕೇಳುಗನೊಬ್ಬ ಎದುರು ಕೂತು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರೆ, ಆ ರಾತ್ರಿಯ ಆ ರಾಗ ಬಹುಶಃ ಬೇರೆಲ್ಲೂ ಉಳಿದಿರುವುದಿಲ್ಲ. 1980ರ ಜುಲೈ 21ರ ರೈತ ಬಂಡಾಯದ ದಿನಗಳ ಫೋಟೊ, ಕರಪತ್ರಗಳು ನವಲಗುಂದ ಸೀಮೆಯಲ್ಲಿ ಸಿಗಬೇಕಾದದ್ದು ಮನೆಗಳ ಕಪಾಟಿನಲ್ಲೇ. ಕಲಘಟಗಿಯ ಬಣ್ಣದ ತೊಟ್ಟಿಲಿನ ಚಿತ್ತಾರ ಗಿರಾಕಿಯ ಮನೆಗೆ ಹೋದ ಮೇಲೆ ಮಾಡಿದವನ ಬಳಿ ಉಳಿಯುವುದು ಅದರ ಫೋಟೊ ಮಾತ್ರ. ಹೊಲದ ಪಹಣಿಯನ್ನೇನೋ ಸರ್ಕಾರ ಕಾಯುತ್ತದೆ; ಅಣ್ಣತಮ್ಮಂದಿರ ವಾಟ್ನಿಯ ಹಳೆಯ ಕಾಗದ, ಅಜ್ಜನ ಕೈಬರಹದ ಲೆಕ್ಕದ ವಹಿ ಕಾಯಬೇಕಾದವರು ಮನೆಯವರೇ. ಇವೆಲ್ಲ ಸ್ಕ್ಯಾನ್ ಆಗಿ ಇಂಥ ಡಬ್ಬಿಗಳಿಗೆ ಇಳಿಯತೊಡಗಿವೆ. ಮೂಲ ಕಾಗದ ಜೀರ್ಣವಾದ ಮೇಲೆ ಡಬ್ಬಿಯಲ್ಲಿರುವುದೇ ಮೂಲ.

ನಮ್ಮ ಎರೆಸೀಮೆಯಲ್ಲಿ ಹಿಂದೆ ಹಗೇವಿಗೆ ಜೋಳ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿ, ಬರಗಾಲ ಬಂದರೆ ತೆಗೆದರಾಯಿತೆಂದು ವರ್ಷಗಟ್ಟಲೆ ಬಿಡುತ್ತಿದ್ದರು. ಮನೆ ಸರ್ವರನ್ನೂ ಜನ ಹಾಗೇ ತುಂಬಿ ಬಿಡುತ್ತಿದ್ದಾರೆ. ಹಗೇವಿನ ಬಾಯಿ ಮುಚ್ಚಿರುತ್ತಿತ್ತು, ಸರ್ವರಿನದು ಹಗಲಿರುಳು ತೆರೆದೇ ಇರುತ್ತದೆ. ಅದು ಸದಾ ಓಡುವ ಒಂದು ಕಂಪ್ಯೂಟರು. ಅದರ ತಂತ್ರಾಂಶದಲ್ಲಿ ಲೋಪಗಳು ಸಿಗುತ್ತಲೇ ಇರುತ್ತವೆ, ತಯಾರಕರು ತಿದ್ದುಪಡಿ ಕಳಿಸುತ್ತಲೇ ಇರುತ್ತಾರೆ. ಅದನ್ನು ಹಾಕಿಕೊಳ್ಳುವುದೇ ಅಪ್‌ಡೇಟ್.

ಹಾಕಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹತ್ತು ವರ್ಷಕ್ಕೂ ಮಿಕ್ಕಿದ ಪುರಾವೆ ಇದೆ. 2014ರ ಆಗಸ್ಟಿನಲ್ಲಿ ಸಿನಾಲಜಿ ಕಂಪನಿಯ ಡಬ್ಬಿಗಳಿಗೆ ಸಿನೋಲಾಕರ್ ಎಂಬ ಸುಲಿಗೆ ತಂತ್ರಾಂಶ ನುಗ್ಗಿ, ಫೈಲುಗಳಿಗೆ ಬೀಗ ಜಡಿದು, ಬಿಡಿಸಲು ಬಿಟ್‌ಕಾಯಿನ್ ಕೇಳಿತು. ಅದು ಬಳಸಿಕೊಂಡ ಲೋಪಕ್ಕೆ ಕಂಪನಿ 2013ರ ಡಿಸೆಂಬರಿನಲ್ಲೇ ತಿದ್ದುಪಡಿ ಕೊಟ್ಟಾಗಿತ್ತು. ಎಂಟು ತಿಂಗಳು ಒಂದು ಗುಂಡಿ ಒತ್ತದವರು ಸಿಕ್ಕಿಬಿದ್ದರು. 2021ರ ಏಪ್ರಿಲಿನಲ್ಲಿ ಕ್ಯೂನ್ಯಾಪ್ ಡಬ್ಬಿಗಳ ಸರದಿ. ಕ್ಯೂಲಾಕರ್ ಎಂಬ ದಾಳಿ ಎಲ್ಲರಿಗೂ ಗೊತ್ತಿರುವ 7-ಜಿಪ್ ತಂತ್ರಾಂಶದಿಂದಲೇ ಫೈಲುಗಳನ್ನು ಪಾಸ್‌ವರ್ಡ್ ಹಾಕಿ ಕಟ್ಟಿಟ್ಟು 0.01 ಬಿಟ್‌ಕಾಯಿನ್ ಕೇಳಿತು, ಆಗಿನ ಬೆಲೆಯಲ್ಲಿ ₹40,000ದ ಆಸುಪಾಸು. ಅದು ಒಳಬಂದ ದಾರಿ ಕಂಪನಿಯ ಬ್ಯಾಕಪ್ ತಂತ್ರಾಂಶವೇ: ತಯಾರಕರೇ ಅದರೊಳಗೆ ಬರೆದಿಟ್ಟು ಮರೆತ ಲಾಗಿನ್. ಕಾಪಾಡಲೆಂದು ಹಾಕಿದ್ದೇ ಕಳ್ಳನಿಗೆ ಕದ ತೆರೆಯಿತು.

ಅದೇ ವರ್ಷದ ಜೂನಿನದು ನನ್ನನ್ನು ಹೆಚ್ಚು ಕಲಕಿದ ಘಟನೆ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಡಬ್ಬಿಗಳು ಜಗತ್ತಿನಾದ್ಯಂತ ಒಂದೆರಡು ದಿನಗಳಲ್ಲಿ ತಾವಾಗಿಯೇ ಖಾಲಿಯಾದವು. ಯಾರೋ ದೂರದಿಂದ ಫ್ಯಾಕ್ಟರಿ ರೀಸೆಟ್ ಆಜ್ಞೆ ಕೊಟ್ಟಿದ್ದರು. ಆಜ್ಞೆ ಪಾಲಿಸುವ ಮುನ್ನ ಪಾಸ್‌ವರ್ಡ್ ಕೇಳಬೇಕಾದ ಸಾಲುಗಳು ತಂತ್ರಾಂಶದಲ್ಲಿ ಇದ್ದವು, ಆದರೆ ಕೆಲಸ ಮಾಡದಂತೆ ಅವನ್ನು ನಿಷ್ಕ್ರಿಯಗೊಳಿಸಲಾಗಿತ್ತು. ಆ ಮಾದರಿಗೆ ಕೊನೆಯ ಅಪ್‌ಡೇಟ್ ಬಂದದ್ದು 2015ರಲ್ಲಿ. ಮಾಲೀಕರಿಗೆ ಹಾಕಿಕೊಳ್ಳಲು ತಿದ್ದುಪಡಿಯೇ ಇರಲಿಲ್ಲ. 2024ರ ಏಪ್ರಿಲಿನಲ್ಲಿ ಡಿ-ಲಿಂಕ್‌ನ ಹಳೆಯ ನ್ಯಾಸ್‌ಗಳಲ್ಲೂ ಕ್ಯೂನ್ಯಾಪ್‌ನಲ್ಲಿದ್ದಂಥದೇ ಗುಪ್ತ ಖಾತೆ ಪತ್ತೆಯಾದಾಗ ಕಂಪನಿ ಕೊಟ್ಟ ಉತ್ತರ ಇಷ್ಟೇ: ಇವುಗಳ ಅವಧಿ ಮುಗಿದಿದೆ, ಬದಲಾಯಿಸಿ. ಹಳೆಯ ಸಾಮಾನನ್ನು ರಿಪೇರಿ ಮಾಡಿಸಿ ಮಾಡಿಸಿ ಓಡಿಸುವ ನಮ್ಮ ಕಡೆಯವರಿಗೆ ಈ ಮಾತು ಒಪ್ಪುವುದು ಕಷ್ಟ. ಆದರೂ ಅಪ್‌ಡೇಟ್ ನಿಂತ ಡಬ್ಬಿಯನ್ನು ಇಂಟರ್ನೆಟ್ಟಿಗೆ ತೋರಿಸಬಾರದು ಎಂಬುದರಲ್ಲಿ ರಾಜಿಯಿಲ್ಲ. ಇಂಟರ್ನೆಟ್ ತಲುಪದಂತೆ ಕಟ್ಟಿಹಾಕಿ ಅಂಗಡಿಯೊಳಗಷ್ಟೇ ಬಳಸಬಹುದು. ಸೆಕೆಂಡ್‌ಹ್ಯಾಂಡ್ ಡಬ್ಬಿ ಕೊಳ್ಳುವವರು ಡಿಸ್ಕು ಎಷ್ಟು ಟಿಬಿ ಎಂದು ಕೇಳುವ ಮೊದಲು ಅಪ್‌ಡೇಟ್ ಎಲ್ಲಿಯವರೆಗೆ ಎಂದು ಕೇಳಬೇಕು.

2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಹಬ್ಬಿದಾಗ ಕ್ಯೂನ್ಯಾಪ್ ಕಂಪನಿ ಗಿರಾಕಿಗಳ ಡಬ್ಬಿಗಳಿಗೆ ಅವರನ್ನು ಕೇಳದೆ ಅಪ್‌ಡೇಟ್ ತುರುಕಿತು. ಕೆಲವರ ಸಂಪರ್ಕಗಳು ಕೆಟ್ಟವು, ನನ್ನ ಯಂತ್ರಕ್ಕೆ ನೀನು ಕೈಹಾಕಲು ಯಾರು ಎಂದು ಅನೇಕರು ಸಿಟ್ಟಾದರು. ಸಿಟ್ಟಿಗೆ ಕಾರಣವಿದೆ. ಆದರೂ ನಾನು ಕಂಪನಿಯ ಪರ. ಕಳ್ಳ ಊರಲ್ಲಿ ಮನೆಮನೆ ಹೊಕ್ಕುತ್ತಿರುವಾಗ ಒಪ್ಪಿಗೆ ಕೇಳುತ್ತ ಕೂಡಲಾಗುವುದಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಡಚ್ ಪೊಲೀಸರು ಹಣ ಕೊಟ್ಟಂತೆ ಮಾಡಿ, ಕೀಲಿ ಪಡೆದು, ಪಾವತಿಯನ್ನು ಹಿಂತೆಗೆದು 155 ಕೀಲಿಗಳನ್ನು ಆ ಗುಂಪಿನಿಂದ ಹೊರತಂದರು. ಅಷ್ಟು ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ಅಪ್‌ಡೇಟ್ ಮಾಡದಿರಲು ನಮ್ಮಲ್ಲಿ ಕೇಳಿಬರುವ ನೆಪಗಳಲ್ಲಿ ಒಂದು ಮಾತ್ರ ನಿಜವಾದದ್ದು, ಕರೆಂಟು. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಡಬ್ಬಿ ಕೈಕೊಡಬಹುದು. ಮಳೆ ಹಿಡಿದರೆ ಕಲಘಟಗಿ ಕಡೆ ಇದು ದಿನದ ಚಿಂತೆ. ಅದಕ್ಕೆ ಪರಿಹಾರ ಡಬ್ಬಿಗೆಂದೇ ಒಂದು ಸಣ್ಣ ಯುಪಿಎಸ್. ಅದರ ಯುಎಸ್‌ಬಿ ವೈರನ್ನು ಡಬ್ಬಿಗೆ ಕೊಟ್ಟರೆ ಬ್ಯಾಟರಿ ಇಳಿಯುವ ಮೊದಲು ಡಬ್ಬಿ ತಾನೇ ಸರಿಯಾಗಿ ಆಫ್ ಆಗುತ್ತದೆ. ಯುಪಿಎಸ್ ಇದ್ದರೂ ಆ ವೈರು ಎಷ್ಟೋ ಕಡೆ ಪ್ಯಾಕೆಟ್ಟಿನಲ್ಲೇ ಉಳಿದಿರುತ್ತದೆ. ಮುಖ್ಯ ಭದ್ರತಾ ತಿದ್ದುಪಡಿಗಳನ್ನಷ್ಟೇ ತಾನೇ ಹಾಕಿಕೊಳ್ಳುವ ಆಯ್ಕೆ ಸಿನಾಲಜಿಯಲ್ಲಿದೆ. ಅದನ್ನು ಆನ್ ಮಾಡಿ ಬೆಳಗಿನ ಜಾವಕ್ಕೆ ಸಮಯ ಇಟ್ಟರೆ ಎಡಿಟಿಂಗ್ ಕೆಲಸಕ್ಕೆ ಅಡ್ಡಿಯಿಲ್ಲ.

ಪಾಸ್‌ವರ್ಡಿನ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ಡಬ್ಬಿ ಕೂಡಿಸಲು ಬಂದ ಹುಡುಗ ಇಟ್ಟ ಪಾಸ್‌ವರ್ಡೇ ಕೊನೆತನಕ ಇರುತ್ತದೆ, ಅವನು ಕೂಡಿಸಿದ ಎಲ್ಲ ಅಂಗಡಿಗಳಲ್ಲೂ ಅದೇ. ಖಾತೆಯ ಹೆಸರು ಅಡ್ಮಿನ್. ಎಚ್ಚರಿಕೆಯ ಮೇಲ್‌ಗಳು ಹೋಗುವುದೂ ಅವನ ಇಮೇಲಿಗೇ. ಅವನು ಊರು ಬಿಟ್ಟರೆ ಡಿಸ್ಕು ಕೆಡುತ್ತಿದೆ ಎಂದು ಡಬ್ಬಿ ಎಷ್ಟು ಸಲ ತಿಳಿಸಿದರೂ ಮಾಲೀಕನಿಗೆ ಮುಟ್ಟುವುದಿಲ್ಲ. ಇದೇ ಊರುಗಳ ತಾಲೂಕು ಕಚೇರಿಗಳಲ್ಲಿ ಭೂಮಿ ಯೋಜನೆ ಬಂದು ಎರಡು ದಶಕ ದಾಟಿವೆ. ಅಲ್ಲಿ ಪಹಣಿ ತಿದ್ದುವ ನೌಕರನ ಗುರುತಿಗೆ ಬೆರಳಚ್ಚನ್ನು ಶುರುವಿನಲ್ಲೇ ಕಡ್ಡಾಯ ಮಾಡಿದ್ದರು. ತಿದ್ದಿದವರು ಯಾರು ಎಂಬುದಕ್ಕೆ ಉತ್ತರ ಇರಲೇಬೇಕೆಂಬ ಆ ಎಚ್ಚರ ಮನೆಯ ಡಬ್ಬಿಗೂ ಬೇಕು. ಅಡ್ಮಿನ್ ಖಾತೆ ಮುಚ್ಚಿ, ಮಾಲೀಕನ ಹೆಸರಿನಲ್ಲಿ ಬೇರೆ ಖಾತೆ, ಮೊಬೈಲಿಗೆ ಬರುವ ಎರಡನೆಯ ಸಂಕೇತ, ಎಡಿಟರಿಗೆ ಅವನ ಕೆಲಸದ ಫೋಲ್ಡರಷ್ಟೇ. ಅರ್ಧ ತಾಸಿನ ಕೆಲಸ. ಇಲ್ಲಿ ಕಂಪನಿಗಳ ತಪ್ಪನ್ನೂ ಹೇಳಲೇಬೇಕು. ಸಿನಾಲಜಿ, ಕ್ಯೂನ್ಯಾಪ್ ಎರಡರ ಪರದೆಯೂ ಕನ್ನಡದಲ್ಲಿ ಇಲ್ಲ. ಎಚ್ಚರಿಕೆಯನ್ನು ಓದಲಾಗದ ಭಾಷೆಯಲ್ಲಿ ಕಳಿಸಿ, ಓದಲಿಲ್ಲ ಎಂದು ಗಿರಾಕಿಯನ್ನು ದೂರುವುದು ಸರಿಯಲ್ಲ.

ಹೊರಗಿನಿಂದ ನೋಡುವ ಆಸೆಯೇ ದೊಡ್ಡ ಬಾಗಿಲು. ಪುಣೆಯ ಮಗಳು ಫೋಟೊ ನೋಡಲೆಂದು ರೌಟರಿನಲ್ಲಿ ಪೋರ್ಟ್ ತೆರೆಯುತ್ತಾರೆ. ಇಂಟರ್ನೆಟ್ಟನ್ನು ಸದಾ ಜಾಲಾಡುವ ಯಂತ್ರಗಳಿಗೆ ಅದು ಬೇಗ ಕಾಣಿಸುತ್ತದೆ. ಒಂದೇ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚುವ ಕಂಪನಿಗಳ ಸಂಪರ್ಕದಲ್ಲಿ ಹಾಗೆ ತೆರೆದರೂ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಇದನ್ನು ತೊಂದರೆಯೆಂದು ಬಗೆದು ಹೆಚ್ಚು ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ಹಾಕಿಸುವವರಿದ್ದಾರೆ. ಹಾಗೆ ಮಾಡಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ, ಅರಿಯದೆ ಸಿಕ್ಕ ರಕ್ಷಣೆ ಅದು. ವೈರ್‌ಗಾರ್ಡ್, ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗಗಳನ್ನು ಮಗಳ ಫೋನಿನಲ್ಲೂ ಡಬ್ಬಿಯಲ್ಲೂ ಹಾಕಿಕೊಂಡರೆ ಬಾಗಿಲು ಮನೆಯವರಿಗಷ್ಟೇ ಕಾಣುತ್ತದೆ. ಕಂಪನಿಗಳು ತಾವೇ ಕೊಡುವ ದೂರಸಂಪರ್ಕ ಸುಲಭ ನಿಜ, ಅದರ ಹಿಂದಿರುವ ಆ್ಯಪ್‌ನಲ್ಲಿ ಲೋಪವಿದ್ದರೆ ಅದೂ ಸಾಲದು. 2024ರ ಅಕ್ಟೋಬರಿನಲ್ಲಿ ಸಿನಾಲಜಿ ಫೋಟೋಸ್ ಆ್ಯಪ್‌ನಲ್ಲೇ ಲಾಗಿನ್ ಇಲ್ಲದೆ ಒಳನುಗ್ಗಬಲ್ಲ ಲೋಪವನ್ನು ಸಂಶೋಧಕರು ತೋರಿಸಿದರು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು. ಹಾಕಿಕೊಂಡವರಿಗೆ ಮಾತ್ರ ಅದರ ಫಲ.

ಕಳ್ಳ ಹೊರಗಿನಿಂದಲೇ ಬರಬೇಕೆಂದಿಲ್ಲ. ಸ್ಟುಡಿಯೊ ಕಂಪ್ಯೂಟರುಗಳಲ್ಲಿ ಕ್ರ್ಯಾಕ್ ಮಾಡಿದ ಎಡಿಟಿಂಗ್ ತಂತ್ರಾಂಶ ಓಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸ್ಟಾಪ್ ಎಂಬ ಸುಲಿಗೆ ತಂತ್ರಾಂಶದ ಕುಟುಂಬ ಹರಡಿದ್ದೇ ಇಂಥ ಕ್ರ್ಯಾಕ್‌ಗಳ ಮೂಲಕ. ಕಂಪ್ಯೂಟರಿನಲ್ಲಿ ಸರ್ವರು ಒಂದು ಡ್ರೈವ್ ಆಗಿ ತೆರೆದೇ ಇದ್ದರೆ ಕಂಪ್ಯೂಟರಿನ ಜೊತೆ ಅದಕ್ಕೂ ಬೀಗ ಬೀಳುತ್ತದೆ. ಇಲ್ಲಿ ಡಬ್ಬಿಯ ಅಪ್‌ಡೇಟ್ ಕಾಪಾಡಲಾರದು. ಕಾಪಾಡುವುದು ಸ್ನ್ಯಾಪ್‌ಶಾಟ್, ಅಂದರೆ ಫೈಲುಗಳ ನಿನ್ನೆಯ, ಮೊನ್ನೆಯ ಸ್ಥಿತಿಯನ್ನು ಡಬ್ಬಿಯೇ ಒಳಗೆ ಉಳಿಸಿಕೊಳ್ಳುವ ಏರ್ಪಾಡು. ಎಲ್ಲ ಮಾದರಿಗಳಲ್ಲೂ ಇದಿಲ್ಲ. ಕೊಳ್ಳುವಾಗ ಸಾವಿರಾರು ರೂಪಾಯಿ ಹೆಚ್ಚಾದರೂ ಇದಿರುವುದನ್ನೇ ತರಬೇಕು.

ಹಾಗಾದರೆ ಯಾವ ಡಬ್ಬಿ ಒಳ್ಳೆಯದು? ನನ್ನ ತೂಕದಲ್ಲಿ, ನೋಡಿಕೊಳ್ಳುವವರು ಕಡಿಮೆ ಇರುವ ಮನೆಗೆ ಸಿನಾಲಜಿ. ಕ್ಯೂನ್ಯಾಪ್‌ನಲ್ಲಿ ಸೌಲಭ್ಯ ಹೇರಳ, ಬೇಡದ್ದನ್ನೆಲ್ಲ ತೆಗೆದುಹಾಕುವ ತಾಳ್ಮೆ ಇದ್ದವರಿಗೆ ಅದು ಸರಿ. ಹಳೆಯ ಕಂಪ್ಯೂಟರಿಗೆ ಓಪನ್ ಮೀಡಿಯಾ ವಾಲ್ಟ್ ಹಾಕಿದರೆ ತಂತ್ರಾಂಶಕ್ಕೆ ದುಡ್ಡಿಲ್ಲ, ತಯಾರಕ ಕೈಬಿಟ್ಟನೆಂಬ ಭಯವೂ ಇಲ್ಲ. ಅದನ್ನು ಬಲ್ಲ ಹುಡುಗ ಕೆಲಸಕ್ಕೆಂದು ಬೆಂಗಳೂರಿಗೆ ಹೋದರೆ ಮಾತ್ರ ಡಬ್ಬಿ ಅನಾಥವಾಗುತ್ತದೆ.

ಇಷ್ಟೆಲ್ಲ ಹೇಳಿದಾಗ ಬರುವ ಉತ್ತರ ಹೆಚ್ಚಾಗಿ ಒಂದೇ: "ಎರಡ ಡಿಸ್ಕ್ ಹಾಕೀವ್ರೀ ಸರ, ಒಂದ ಹೋದ್ರ ಇನ್ನೊಂದ ಇರತೈತಿ." ಈ ನಂಬಿಕೆಯನ್ನು ಬಿಡಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಹೀಗೆ ಎರಡು ಡಿಸ್ಕು ಜೋಡಿಸುವ ರೇಡ್ ಏರ್ಪಾಡಿನಲ್ಲಿ ಎರಡೂ ಡಿಸ್ಕುಗಳು ಒಂದೇ ಕ್ಷಣದಲ್ಲಿ ಒಂದೇ ಬರಹ ಬರೆದುಕೊಳ್ಳುತ್ತವೆ. ಡಿಸ್ಕು ಕೆಟ್ಟರೆ ಅದು ಉಳಿಸುತ್ತದೆ. ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ಕಳ್ಳ ಬೀಗ ಹಾಕಿದರೆ ಎರಡಕ್ಕೂ ಬೀಳುತ್ತದೆ, ಸಿಡಿಲು ಹೊಡೆದರೆ ಎರಡೂ ಸುಡುತ್ತವೆ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಜನಪ್ರಿಯಗೊಳಿಸಿದ 3-2-1 ಸೂತ್ರ ನಮ್ಮ ಸ್ಟುಡಿಯೊಗಳಿಗೂ ಸರಿಯಾಗಿ ಒಪ್ಪುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ.

ಬೇರೆ ಜಾಗ ಎಂದರೆ ಪಕ್ಕದ ಓಣಿಯ ಅಳಿಯನ ಮನೆಯಲ್ಲ. ಬೆಣ್ಣಿಹಳ್ಳ ಕುಂದಗೋಳ ಸೀಮೆ ದಾಟಿ ನವಲಗುಂದದ ಎರೆಹೊಲಗಳ ನಡುವೆ ಹರಿದು ಮಲಪ್ರಭೆ ಸೇರುತ್ತದೆ. 2019ರ ಆಗಸ್ಟಿನ ನೆರೆಯಲ್ಲಿ ಅದೂ ತುಪರಿಹಳ್ಳವೂ ಹೊಲ ಮನೆಗಳಿಗೆ ನುಗ್ಗಿದ್ದನ್ನು ಇಲ್ಲಿನವರಿಗೆ ಯಾರೂ ನೆನಪಿಸಬೇಕಿಲ್ಲ. ಒಂದೇ ಹಳ್ಳದ ದಂಡೆಯ ಎರಡು ಮನೆಗಳಲ್ಲಿ ಎರಡು ಪ್ರತಿ ಇಟ್ಟರೆ ಒಂದೇ ನೀರು ಎರಡನ್ನೂ ಒಯ್ಯಬಹುದು. ದೊಡ್ಡ ಡಿಸ್ಕೊಂದಕ್ಕೆ ಪ್ರತಿ ಮಾಡಿ, ವೈರು ಕಳಚಿ, ಧಾರವಾಡದ ಗುಡ್ಡದ ಮೇಲಿನ ನಂಟರ ಮನೆಯಲ್ಲಿ ಇಡಿ. ಸಂಗೀತ, ಕಾಗದಪತ್ರಗಳಂಥ ಸಣ್ಣ ಗಾತ್ರದವನ್ನು ಗುಪ್ತಲಿಪಿಗೊಳಿಸಿ ಕ್ಲೌಡಿಗೂ ಏರಿಸಿ.

ಇದಕ್ಕೆಲ್ಲ ಸಮಯ ಎಲ್ಲಿದೆ ಎನ್ನುವ ಸ್ಟುಡಿಯೊದವರಿಗೆ ಆಷಾಢ ಇದೆ. ಆ ತಿಂಗಳು ಮದುವೆಗಳಿಲ್ಲ, ಹಳ್ಳ ಉಕ್ಕುವ ಶ್ರಾವಣ ಇನ್ನೂ ಮುಂದಿದೆ. ಧಾರವಾಡದಲ್ಲಿಟ್ಟ ಡಿಸ್ಕನ್ನು ತಂದು, ಯಾವುದಾದರೂ ಒಂದು ಮದುವೆಯ ಫೋಲ್ಡರನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ವಿಡಿಯೊ ಮೊದಲಿಂದ ಕೊನೆಯವರೆಗೆ ಓಡುತ್ತದೆಯೇ ನೋಡಿ. ಓಡಿದರೆ ಹೊಸ ಮದುವೆಗಳನ್ನು ಅದಕ್ಕೆ ಸೇರಿಸಿ ವೈರು ಕಳಚಿ. ಡಬ್ಬಿಯ ಅಪ್‌ಡೇಟ್ ಗುಂಡಿ ಒತ್ತುವುದು ಆಮೇಲೆ.