ಮರಿಯಮಳ ಎರಡು ರುಜುಗಳು

ಯುದ್ಧವನ್ನು ವರ್ಣಿಸುವ ಗ್ರಂಥಗಳಲ್ಲಿ ಸೇನೆಗಳೂ ಸೇನಾಪತಿಗಳೂ ಮುಂದೆ ನಿಲ್ಲುವುದು ವಾಡಿಕೆ. ಮನೆಯ ಒಳಗೆ ಕುಳಿತು ಆ ಯುದ್ಧವನ್ನು ಅನುಭವಿಸುವ ಸ್ತ್ರೀಯರು ಹಿಂದೆ ಉಳಿಯುವರು. ಖಾಲೆದ್ ಹೊಸೈನಿಯವರು 2007ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಎ ಥೌಸಂಡ್ ಸ್ಪ್ಲೆಂಡಿಡ್ ಸನ್ಸ್’ ಎಂಬ ಕಾದಂಬರಿಯು ಈ ಕ್ರಮವನ್ನು ವಿಪರ್ಯಯಗೊಳಿಸಿರುವುದು. ಗ್ರಂಥಕರ್ತರು 1965ರಲ್ಲಿ ಕಾಬೂಲಿನಲ್ಲಿ ಜನಿಸಿದವರು. ಅವರ ತಾಯಿ ಆ ನಗರದ ಬಾಲಿಕಾ ಪಾಠಶಾಲೆಯೊಂದರಲ್ಲಿ ಪಾರಸಿಯನ್ನೂ ಚರಿತ್ರೆಯನ್ನೂ ಬೋಧಿಸುತ್ತಿದ್ದವರು. ಸ್ತ್ರೀವಿದ್ಯೆಯು ಈ ಕೃತಿಯ ನಾಡಿಯಾಗಿರುವುದು ಆಕಸ್ಮಿಕವಲ್ಲ.

ನಾಯಿಕೆಯರು ಇಬ್ಬರು. ಹೆರಾತಿನ ಧನಿಕನೊಬ್ಬನಿಗೆ ವಿವಾಹದ ಹೊರಗೆ ಹುಟ್ಟಿದ ಮರಿಯಂ ಶಾಲೆಗೆ ಹೋಗಬೇಕೆಂದು ಬೇಡಿದಾಗ, ಸಹಿಸುವುದೊಂದನ್ನು ಬಿಟ್ಟು ಹೆಣ್ಣಿಗೆ ಬೇರೆ ವಿದ್ಯೆಯಿಲ್ಲವೆಂಬುದೇ ತಾಯಿಯ ಉತ್ತರ. ವೃದ್ಧ ಮುಲ್ಲಾ ಫೈಜುಲ್ಲಾ ಕಲಿಸಿದಷ್ಟೇ ಅವಳ ಅಕ್ಷರಸಂಪತ್ತು. ಕಾಬೂಲಿನಲ್ಲಿ 1978ರಲ್ಲಿ ಹುಟ್ಟಿದ ಲೈಲೆಯಾದರೋ ಉಪಾಧ್ಯಾಯನ ಮಗಳು. ಅವಳ ವಿದ್ಯೆಗಿಂತ ಹೆಚ್ಚಿನದು ತಂದೆಗೆ ಬೇರೊಂದಿಲ್ಲ. ಒಬ್ಬಳಿಗೆ ಸಹನೆಯ ಪಾಠ, ಮತ್ತೊಬ್ಬಳಿಗೆ ಅಕ್ಷರದ ಪಾಠ. ಕ್ಷಿಪಣಿಯೊಂದು ಲೈಲೆಯ ತಾಯಿತಂದೆಗಳನ್ನು ಕೊಂದ ಮೇಲೆ, ಇಬ್ಬರೂ ಚಮ್ಮಾರ ರಶೀದನ ಒಂದೇ ಮನೆಯಲ್ಲಿ ಸವತಿಯರಾಗುವರು. 1996ರಲ್ಲಿ ತಾಲಿಬಾನರು ಕಾಬೂಲನ್ನು ಹಿಡಿದು ಬಾಲಿಕೆಯರ ಶಾಲೆಗಳನ್ನು ಮುಚ್ಚಿದರು. ಅನಾಥಾಲಯದ ಬಾಲಿಕೆಯರು ಪರದೆ ಎಳೆದು ಗುಟ್ಟಾಗಿ ಓದುತ್ತಿದ್ದು, ಪರೀಕ್ಷಕರು ಬಂದಾಗ ಹೆಣಿಗೆ ಹೆಣೆಯುವಂತೆ ನಟಿಸುವ ಸನ್ನಿವೇಶವು, ದೀರ್ಘವಾದ ವರ್ಣನೆಗಳು ಹೇಳಲಾರದುದನ್ನು ಧ್ವನಿಸುವುದು.

ದೋಷಗಳಿಲ್ಲವೆಂದಲ್ಲ. ರಾಜಕೀಯ ಘಟನೆಗಳು ಕೆಲವೆಡೆ ವೃತ್ತಪತ್ರಿಕೆಯ ವರದಿಯಂತೆ ಕಥೆಯ ನಡುವೆ ಬಂದು ನಿಲ್ಲುವುವು. ರಶೀದನ ಕ್ರೌರ್ಯಕ್ಕೆ ವಿರಾಮವೇ ಇಲ್ಲ. ಅವನು ಹಿಂದೆ ಮಗನನ್ನು ನೀರಿನಲ್ಲಿ ಕಳೆದುಕೊಂಡವನೆಂದು ಸೂಚಿಸಿದ ಕರ್ತೃಗಳು ಆ ಸೂಚನೆಯನ್ನು ಬೆಳೆಸದೆ ಬಿಟ್ಟಿರುವರು. ಪ್ರತಿನಾಯಕನಲ್ಲಿ ಮನುಷ್ಯತ್ವದ ಎಳೆಯೊಂದು ಉಳಿದಿದ್ದರೆ ಕರುಣವು ಇನ್ನೂ ಗಾಢವಾಗುತ್ತಿದ್ದಿತು.

ಆದರೆ ಕೃತಿಯ ಸಾರವು ಮರಿಯಮಳ ಎರಡು ರುಜುಗಳಲ್ಲಿದೆ. ಹದಿನೈದನೆಯ ವಯಸ್ಸಿನಲ್ಲಿ, ಅನ್ಯರ ಇಚ್ಛೆಗೆ ತಲೆಬಾಗಿ, ಅವಳು ವಿವಾಹಪತ್ರಕ್ಕೆ ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಬರೆಯುವಳು. ಇಪ್ಪತ್ತೇಳು ವರ್ಷಗಳ ಅನಂತರ ಅವೇ ಅಕ್ಷರಗಳನ್ನು ಮರಣಶಿಕ್ಷೆಯ ಪತ್ರಕ್ಕೆ ಬರೆಯುವಳು. ಲೈಲೆಯ ಪ್ರಾಣವನ್ನುಳಿಸಲು ರಶೀದನನ್ನು ಕೊಂದು, ಲೈಲೆಯೂ ಮಕ್ಕಳೂ ಪಾರಾಗಲೆಂದು ಅಪರಾಧವನ್ನೆಲ್ಲ ತಾನೊಬ್ಬಳೇ ಹೊತ್ತವಳು ಆಗ ಅವಳು. ಮೊದಲನೆಯದು ಬದುಕಿಗೆ ಹಾಕಿದ ರುಜುವಾದರೂ ಬಂಧನ. ಎರಡನೆಯದು ಮೃತ್ಯುವಿಗೆ ಹಾಕಿದುದಾದರೂ ಸ್ವಾತಂತ್ರ್ಯ. ಅಕ್ಷರ ಬಂದ ಮಾತ್ರಕ್ಕೆ ವಿದ್ಯೆ ಬಾರದು. ಕೈ ಬರೆಯುವುದು ಯಾರ ಸಂಕಲ್ಪವನ್ನು ಎಂಬುದೇ ವಿದ್ಯೆಯ ಪರೀಕ್ಷೆ ಎಂಬ ತತ್ತ್ವವನ್ನು ಕರ್ತೃಗಳು ಎಲ್ಲಿಯೂ ಉಪದೇಶಿಸದೆ ತೋರಿಸಿರುವರು.

ಲೈಲೆ ಕಾಬೂಲಿಗೆ ಮರಳಿ ಅದೇ ಅನಾಥಾಲಯದಲ್ಲಿ ಉಪಾಧ್ಯಾಯಿನಿಯಾಗುವುದರೊಡನೆ ಕಥೆ ಮುಗಿಯುವುದು. 2021ರ ಆಗಸ್ಟಿನಲ್ಲಿ ತಾಲಿಬಾನರು ಮರಳಿದರು. ಪ್ರೌಢಶಾಲೆಗಳೂ, 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳೂ ಸ್ತ್ರೀಯರಿಗೆ ಮುಚ್ಚಿದವು. ಆದುದರಿಂದ ಈ ಮುಕ್ತಾಯವು ಸುಳ್ಳಾಯಿತೆಂದು ಪೂರ್ವಪಕ್ಷವೆತ್ತಬಹುದು. ಅದು ಸಲ್ಲದು. ರಾಜಶಾಸನವು ವಿದ್ಯೆಯನ್ನು ಕಾಯುವುದೆಂದು ಈ ಕೃತಿಯು ಎಲ್ಲಿಯೂ ಆಶ್ವಾಸನೆಯಿತ್ತಿಲ್ಲ. ಪರದೆಯ ಹಿಂದೆ ಪಾಠ ಹೇಳಿದವರನ್ನೂ, ಹೆಣಿಗೆಯ ಕೆಳಗೆ ಪುಸ್ತಕವನ್ನು ಬಚ್ಚಿಟ್ಟ ಬಾಲಿಕೆಯರನ್ನೂ ಅದು ಮೊದಲೇ ತೋರಿಸಿತ್ತು. ವಾಚಕರು ಪುಸ್ತಕವನ್ನು ಮುಚ್ಚುವಾಗ ಅವರ ಕಣ್ಣಮುಂದೆ ನಿಲ್ಲತಕ್ಕವರು ಆ ಬಾಲಿಕೆಯರೇ.