ಎರಡು ಬಾಗಿಲಿನ ಮ್ಯೂಸಿಯಂ

ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್‌ನಲ್ಲಿ 2001ರಲ್ಲಿ ತೆರೆದ ಅಪಾರ್ಥೈಡ್ ಮ್ಯೂಸಿಯಮ್ಮಿಗೆ ಎರಡು ಬಾಗಿಲುಗಳಿವೆ. ಒಂದು ಬಿಳಿಯರಿಗೆ, ಇನ್ನೊಂದು ಬಿಳಿಯರಲ್ಲದವರಿಗೆ. ನೋಡಲು ಬಂದವರು ಯಾವ ಬಾಗಿಲಲ್ಲಿ ಹೋಗಬೇಕೆಂಬುದನ್ನು ಅವರ ಮೈಬಣ್ಣ ಹೇಳುವುದಿಲ್ಲ. ಕೈಗೆ ಬಂದ ಟಿಕೆಟ್ಟು ಹೇಳುತ್ತದೆ. ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವುದು ಬಂತೋ ಅದು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಆಗಬಹುದು. ಜನ ಮೆಚ್ಚುವ ಉಪಾಯ ಇದು. ನನಗೆ ಮಾತ್ರ ಅದರ ಬಗ್ಗೆ ಒಂದು ತಕರಾರಿದೆ.

ತಕರಾರು ಹುಟ್ಟಿದ್ದು ನನ್ನ ಜೊತೆಗಿದ್ದವನಿಂದ. ಯಲ್ಲಾಪುರದ ಕಡೆಯ ಒಂದೇ ಹಳ್ಳಿಯಲ್ಲಿ ಹುಟ್ಟಿ, ಒಂದೇ ಕನ್ನಡ ಶಾಲೆಯಲ್ಲಿ ಕಲಿತು, ಇಂದಿಗೂ ವಾರಕ್ಕೊಮ್ಮೆಯಾದರೂ ಕೂತು ಮಾತಾಡುವ ಗೆಳೆಯರು ನಾವು. ನಾನು ಹವ್ಯಕರ ಮನೆಯವನು, ಅವನು ಸಿದ್ದಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ. ನನ್ನ ಮಗಳು ಜೊಹಾನ್ಸ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದಾಗ ಇಬ್ಬರನ್ನೂ ಕರೆಸಿಕೊಂಡಿದ್ದಳು. ರಸ್ತೆಯಲ್ಲಿ ಜನ ನನ್ನನ್ನು ಬಿಟ್ಟು ಅವನೊಡನೆ ತಮ್ಮ ಭಾಷೆಯಲ್ಲಿ ಮಾತಿಗಿಳಿಯುತ್ತಿದ್ದರು. ಅವನು ನನ್ನ ಕಡೆ ತಿರುಗಿ, 'ಎಂತ ಹೇಳ್ತಾನೋ ಮಾರಾಯ' ಎನ್ನುತ್ತಿದ್ದ.

ಮ್ಯೂಸಿಯಮ್ಮಿನಲ್ಲಿ ಅವನಿಗೆ ಬಿಳಿಯರ ಟಿಕೆಟ್ಟು ಬಂತು, ನನಗೆ ಇನ್ನೊಂದು. ನನಗೆ ನಗು ಬಂತು. ಅವನು ನಗಲಿಲ್ಲ. 'ಚೀಟಿ ಎತ್ತಿ ಬಾಗಿಲು ಸಿಗೂದಾಗಿದ್ರೆ ನಮ್ಮ ಅಪ್ಪನಿಗೂ ಒಂದ್ಸಲ ಒಳ್ಳೇದು ಬೀಳ್ತಿತ್ತು' ಎಂದವನೇ ಒಳಗೆ ಹೋದ.

ಆ ಉಪಾಯದ ಮೇಲೆ ಮಾಡಬಹುದಾದ ವಿಮರ್ಶೆಯೆಲ್ಲ ಈ ಒಂದು ಮಾತಿನಲ್ಲಿದೆ. ಚೀಟಿ ಎತ್ತುವಾಗ ಎಲ್ಲರಿಗೂ ಸಮಾನ ಅವಕಾಶವಿರುತ್ತದೆ. ವರ್ಣಭೇದದಲ್ಲಿ ಇರದಿದ್ದದ್ದೇ ಅದು. 1950ರ ಜನಸಂಖ್ಯಾ ನೋಂದಣಿ ಕಾನೂನು ಆ ದೇಶದ ಪ್ರತಿಯೊಬ್ಬನ ಜನಾಂಗವನ್ನೂ ಬರೆದಿಟ್ಟಿತು. 1953ರ ಇನ್ನೊಂದು ಕಾನೂನು ಬಸ್ಸು, ಬೆಂಚು, ಕಡಲತೀರಗಳನ್ನು ಬೇರೆ ಮಾಡಿತು. ಸಂಶಯ ಬಂದರೆ ಅಧಿಕಾರಿಗಳು ಮೂಗು, ಮೈಬಣ್ಣ, ಕೂದಲು ನೋಡುತ್ತಿದ್ದರು. ಕೂದಲಲ್ಲಿ ಪೆನ್ಸಿಲು ಸಿಕ್ಕಿಸಿ, ಬೀಳುತ್ತದೋ ನಿಲ್ಲುತ್ತದೋ ಎಂದು ಪರೀಕ್ಷಿಸುವುದೂ ಇತ್ತು. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಜನಾಂಗಕ್ಕೆ ಸೇರಿದ್ದುಂಟು. ಇದೆಲ್ಲ ಅರ್ಥವಿಲ್ಲದ ವಿಂಗಡಣೆ ಎಂದು ತೋರಿಸುವುದೇ ಟಿಕೆಟ್ಟಿನ ಉದ್ದೇಶ ಎನ್ನಬಹುದು. ನಿಜ. ಆದರೆ ಅರ್ಥವಿಲ್ಲದ್ದು ಬೇರೆ, ಕುರುಡಾದದ್ದು ಬೇರೆ. ಆ ವ್ಯವಸ್ಥೆ ಕಣ್ಣು ತೆರೆದುಕೊಂಡೇ ಆರಿಸುತ್ತಿತ್ತು. ಮ್ಯೂಸಿಯಮ್ಮಿನ ಪಕ್ಕದಲ್ಲಿ ಗೋಲ್ಡ್ ರೀಫ್ ಸಿಟಿಯ ಕ್ಯಾಸಿನೊ ಇದೆ. ಅದರ ಪರವಾನಗಿ ಪಡೆದವರೇ ಪರವಾನಗಿಯ ಷರತ್ತಿನಂತೆ ಈ ಮ್ಯೂಸಿಯಮ್ಮನ್ನೂ ಕಟ್ಟಿಸಿದರು. ಅದೃಷ್ಟದಾಟ ಅಲ್ಲಿಗೇ ಇರಲಿ.

ಬಾಗಿಲು ದಾಟಿದ ಮೇಲೆ ಮ್ಯೂಸಿಯಂ ನಟನೆಯನ್ನು ಬಿಡುತ್ತದೆ. ತಂತಿಬಲೆಯ ಹಿಂದೆ ದೊಡ್ಡದು ಮಾಡಿ ಹಾಕಿದ ಗುರುತಿನ ಚೀಟಿಗಳು. 1967ರಲ್ಲಿ ಹೊರದೇಶದಲ್ಲಿ ಪುಸ್ತಕವಾಗಿ ಬಂದು ಸ್ವದೇಶದಲ್ಲಿ ನಿಷೇಧಕ್ಕೊಳಗಾದ ಅರ್ನೆಸ್ಟ್ ಕೋಲ್‌ನ ಛಾಯಾಚಿತ್ರಗಳು. ಗಲ್ಲಿಗೇರಿದ ರಾಜಕೀಯ ಕೈದಿಗಳ ನೆನಪಿಗೆ ಮೇಲಿನಿಂದ ಇಳಿಬಿಟ್ಟ 131 ನೇಣಿನ ಕುಣಿಕೆಗಳು. ಇವು ನಮ್ಮನ್ನು ಯಾವ ಪಾತ್ರವನ್ನೂ ಹಾಕಿ ಎನ್ನುವುದಿಲ್ಲ. ಸುಮ್ಮನೆ ನಿಂತು ನೋಡಬೇಕು, ಅಷ್ಟೆ. ಮ್ಯೂಸಿಯಮ್ಮಿನ ಶಕ್ತಿ ಇರುವುದು ಇಲ್ಲಿ.

ಗೆಳೆಯ ಹೆಚ್ಚು ಹೊತ್ತು ನಿಂತದ್ದು ಗುರುತಿನ ಚೀಟಿಗಳ ಮುಂದೆ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಮಗನ ಸರ್ಟಿಫಿಕೇಟಿಗಾಗಿ ಅವನು ಬಹಳ ಅಲೆದಿದ್ದ. ನೀನು ಸಿದ್ದಿಯೆಂಬುದಕ್ಕೆ ದಾಖಲೆ ಏನೆಂದು ಕೇಳಿದ್ದರಂತೆ. 'ಮುಖ ನೋಡಿ ನಗೂಕೆ ಯಾರೂ ದಾಖಲೆ ಕೇಳೂದಿಲ್ಲ' ಎಂದ. ಎರಡು ಕಾಗದವೂ ಒಂದೇ ಅಲ್ಲವೆಂದು ಅವನಿಗೂ ಗೊತ್ತು. ಅಲ್ಲಿಯದು ಕಸಿದುಕೊಳ್ಳಲು ಬರೆದದ್ದು, ಇಲ್ಲಿಯದು ಹಿಂದಿರುಗಿಸಲು ಬರೆದದ್ದು. ಆದರೆ ಎರಡನ್ನೂ ಮೇಜಿನ ಆಚೆ ಕೂತವನೇ ಬರೆಯುತ್ತಾನೆ, ಕಾಯುವವನು ಈಚೆಯೇ ಇರುತ್ತಾನೆ.

ಅಲ್ಲಿಂದ ಬಂದ ಮೇಲೆ ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಅವರ ನೋಂದಣಿ ಕಾನೂನು 1991ರಲ್ಲಿ ರದ್ದಾಯಿತು. ಬರೆದು ಆಳಿದ್ದರಿಂದ ಬರಹ ಉಳಿದಿತ್ತು, ತಂದು ತೂಗುಹಾಕಿದರು. ನಮ್ಮಲ್ಲಿ ಏನನ್ನು ತೂಗುಹಾಕುವುದು? ಅವರು ಜನಾಂಗವನ್ನು ಬರೆಯತೊಡಗಿದ ಅದೇ 1950ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂದು ಅಸ್ಪೃಶ್ಯತೆಯನ್ನು ನಿಷೇಧಿಸಿತು. ಅದರ ಎಷ್ಟೋ ವರ್ಷಗಳ ಮೇಲೂ ನಮ್ಮ ಮನೆಗೆ ಎರಡು ದಾರಿಗಳಿದ್ದವು. ಅಂಗಳದಿಂದ ಜಗಲಿಗೆ ಒಂದು, ಕೊಟ್ಟಿಗೆ ಬಳಸಿ ಹಿತ್ತಲಿಗೆ ಒಂದು. ಗೆಳೆಯನ ಅಪ್ಪ ನನ್ನ ಅಜ್ಜನನ್ನು 'ಒಡೆಯಾ' ಎಂದು ಕರೆದು ಎರಡನೆಯದರಲ್ಲಿ ಬರುತ್ತಿದ್ದರು, ಗೆರಟೆಯಲ್ಲಿ ಚಾ ಕುಡಿದು ಹೋಗುತ್ತಿದ್ದರು. ಫಲಕವಿರಲಿಲ್ಲ, ಟಿಕೆಟ್ಟಿರಲಿಲ್ಲ. ಯಾರೂ ಯಾರಿಗೂ ದಾರಿ ತೋರಿಸಬೇಕಾಗಿರಲಿಲ್ಲ.

ನಮ್ಮಲ್ಲಿ ಎಂದಾದರೂ ಇಂಥದೊಂದು ಮ್ಯೂಸಿಯಂ ಕಟ್ಟುವವರು ಆ ಟಿಕೆಟ್ಟಿನ ಉಪಾಯವನ್ನು ತರುವುದು ಬೇಡ. ಕೊಟ್ಟಿಗೆ ಬಳಸಿ ನಡೆದವರು ಇನ್ನೂ ಕೆಲವರಿದ್ದಾರೆ. ಮೊದಲು ಅವರನ್ನು ಜಗಲಿಯಲ್ಲಿ ಕೂರಿಸಿ, ಅವರು ಹೇಳುವುದನ್ನು ಬರೆದುಕೊಳ್ಳಲಿ.